ಬಳಸದ ಪ್ಯಾರಾಮೀಟರಿಗೆ ಒಂದು ಸಾಲು ಬರೀರಿ, ವಾರ್ನಿಂಗ್ ಆಫ್ ಮಾಡ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಸಿ ಪ್ರೋಗ್ರಾಮಿಂಗ್ ಬಗ್ಗೆ ಬರ್ತಾ ಇರುವ ಲೇಖನಗಳನ್ನ ನಮ್ಮ ಕಡೆ ಮಕ್ಕಳು ಕತ್ತರಿಸಿ ಇಟ್ಕೊಳ್ತಾರೆ, ಫೋಟೋ ತೆಗ್ದು ವಾಟ್ಸಾಪಲ್ಲಿ ಒಬ್ರಿಗೊಬ್ರು ಕಳಿಸ್ತಾರೆ. ಕನ್ನಡದಲ್ಲಿ ಇಂಥದ್ದು ಓದ್ಲಿಕ್ಕೆ ಸಿಗೋದೇ ಅಪರೂಪ, ಹಾಗಾಗಿ ಅದ್ರಲ್ಲಿ ಬಂದದ್ದನ್ನ ಮಕ್ಕಳು ಪೂರ್ತಿ ನಂಬ್ತಾರೆ. ಅದೇ ಕಾರಣಕ್ಕೆ ಈ ಪತ್ರ. ಹೋದ ಸಲದ ಲೇಖನದಲ್ಲಿ, ಅನ್‌ಯೂಸ್ಡ್ ಪ್ಯಾರಾಮೀಟರ್ (ಫಂಕ್ಷನಿಗೆ ಕೊಟ್ರೂ ಅದ್ರ ಒಳಗೆ ಉಪಯೋಗಿಸದ ಮೌಲ್ಯ) ಅಂತ ವಾರ್ನಿಂಗ್ ಬಂದ್ರೆ ತಲೆ ಕೆಡಿಸ್ಕೊಳ್ಬೇಡಿ, ಕಂಪೈಲರ್, ಅಂದ್ರೆ ನಾವು ಬರೆದ ಕೋಡನ್ನ ಕಂಪ್ಯೂಟರ್ ಓಡಿಸುವ ಹಾಗೆ ಬದಲಾಯಿಸುವ ಪ್ರೋಗ್ರಾಮ್, ಅದ್ರ ಆಪ್ಷನಲ್ಲಿ ಅದನ್ನ ಆಫ್ ಮಾಡಿದ್ರಾಯ್ತು, ಎರರ್ ಇಲ್ಲದಿದ್ರೆ ಪ್ರೋಗ್ರಾಮ್ ಸರಿ ಉಂಟು ಅಂತಲೇ ಲೆಕ್ಕ ಅಂತ ಬರ್ದಿದ್ರು. ಲೇಖಕರ ಬಗ್ಗೆ ನಂಗೆ ಗೌರವ ಉಂಟು, ಉಳಿದ ಭಾಗ ತುಂಬ ಚೆನ್ನಾಗಿತ್ತು, ಆದ್ರೆ ಈ ಒಂದು ಮಾತು ತಪ್ಪು, ಅದನ್ನ ತಿದ್ದದೇ ಬಿಟ್ರೆ ಮುಂದೆ ಮಕ್ಕಳಿಗೇ ಕಷ್ಟ.

ನಾನು ಕಾಸರಗೋಡಿನ ಪೆರ್ಲದ ಹತ್ರದವ, ಮೋಟಾರು ಪಂಪಿನ ಕಂಟ್ರೋಲರ್‌ಗಳಿಗೆ ಫರ್ಮ್‌ವೇರ್ (ಯಂತ್ರದ ಚಿಪ್ಪಿನೊಳಗೆ ಓಡುವ ಪ್ರೋಗ್ರಾಮ್) ಬರೆಯೋದು ನನ್ನ ಕೆಲಸ, ಅಂದ್ರೆ ದಿನವಿಡೀ ಸಿ ಭಾಷೆಯೇ. ಇಲ್ಲಿಯ ಮಕ್ಕಳ ಪರಿಸ್ಥಿತಿ ಎಂತದು ಅಂದ್ರೆ, ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಕನ್ನಡ ಮೀಡಿಯಂ ಶಾಲೆಯಲ್ಲಿ ಓದುವಾಗ ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನವರ ಲಿನಕ್ಸ್ ಕಂಪ್ಯೂಟರು, ಲಿಟಲ್ ಕೈಟ್ಸ್ ಕ್ಲಬ್ಬಲ್ಲಿ ಆರ್ಡುಯಿನೋ ಅನ್ನುವ ಸಣ್ಣ ಕಲಿಕೆ ಬೋರ್ಡು, ಆಮೇಲೆ ಗಡಿ ದಾಟಿ ಮಂಗಳೂರಿಗೋ ಪುತ್ತೂರಿಗೋ ಡಿಪ್ಲೊಮಾಗೆ ಹೋದ್ರೆ ಕೆಲವು ಕಡೆ ಇನ್ನೂ ಹಳೇ ಕಂಪೈಲರ್ ಟರ್ಬೋ ಸಿಯ ನೀಲಿ ಸ್ಕ್ರೀನು, ಕೆಲಸಕ್ಕೆ ಸೇರಿದ ಮೇಲೆ ವಿಂಡೋಸಲ್ಲಿ ವಿಷುವಲ್ ಸ್ಟುಡಿಯೋ ಅಥವಾ ಯಾವುದಾದ್ರೂ ಚಿಪ್ ಕಂಪೆನಿಯ ಕಂಪೈಲರು. ಒಂದೇ ಹುಡುಗಿ ಹತ್ತು ವರ್ಷದೊಳಗೆ ಇಷ್ಟೂ ಕಂಪೈಲರ್ ಮುಂದೆ ಕೂತ್ಕೊಳ್ತಾಳೆ. ಒಂದು ಕಂಪೈಲರಿನ ಆಪ್ಷನ್ ಕಲ್ತು ಅವಳಿಗೆ ಏನೂ ಪ್ರಯೋಜನ ಇಲ್ಲ, ಎಲ್ಲ ಕಡೆ ನಡೆಯುವಂಥದ್ದನ್ನ ಕಲಿಸ್ಬೇಕು.

ಮೊದ್ಲು ಈ ವಾರ್ನಿಂಗ್ ಎಂತಕ್ಕೆ ಬರ್ತದೆ ನೋಡುವ. ಫಂಕ್ಷನ್ ಬರೆಯುವಾಗ ಬ್ರ್ಯಾಕೆಟ್ ಒಳಗೆ ಎರಡು ಪ್ಯಾರಾಮೀಟರ್ ತಗೊಂಡು ಒಳಗೆ ಒಂದನ್ನ ಮಾತ್ರ ಉಪಯೋಗಿಸಿದ್ರೆ ಕಂಪೈಲರು, ಇನ್ನೊಂದನ್ನ ನೀನು ಮುಟ್ಲೇ ಇಲ್ಲ ಅಂತ ಹೇಳ್ತದೆ. ಜಿಸಿಸಿ ಅನ್ನುವ ಉಚಿತ ಕಂಪೈಲರಲ್ಲಿ ಇದು ಬರೀ ಮೈನಸ್ ಡಬ್ಲ್ಯು ಆಲ್ (-Wall) ಆಪ್ಷನ್ ಹಾಕಿದ್ರೆ ಬರೋದಿಲ್ಲ, ಮೈನಸ್ ಡಬ್ಲ್ಯು ಎಕ್ಸ್‌ಟ್ರಾ ಕೂಡ ಸೇರಿಸ್ಬೇಕು. ಮೈಕ್ರೋಸಾಫ್ಟಿನ ಕಂಪೈಲರಲ್ಲಿ ವಾರ್ನಿಂಗ್ ಲೆವೆಲ್ 4 ಇಟ್ರೆ ಸಿ4100 ಅಂತ ನಂಬರ್ ಸಮೇತ ಬರ್ತದೆ. ಆರ್ಡುಯಿನೋ ಐಡಿಇಯಲ್ಲಿ ಪ್ರಿಫರೆನ್ಸಸ್ ಒಳಗೆ ಕಂಪೈಲರ್ ವಾರ್ನಿಂಗ್ಸ್ ಅಂತ ಒಂದು ಜಾಗ ಉಂಟು, ಅದು ಶುರುವಿನಲ್ಲಿ ನನ್ (None, ಅಂದ್ರೆ ಯಾವುದೂ ಬೇಡ) ಅಂತಲೇ ಇರ್ತದೆ, ಹಾಗಾಗಿ ಕ್ಲಬ್ಬಲ್ಲಿ ಕಲ್ತ ಮಕ್ಕಳಿಗೆ ಇಂಥ ವಾರ್ನಿಂಗ್ ಉಂಟು ಅಂತಲೇ ಗೊತ್ತಿರೋದಿಲ್ಲ. ಶಾಲೆಯ ಮೇಷ್ಟ್ರುಗಳು ಯಾರಾದ್ರೂ ಇದನ್ನ ಓದ್ತಾ ಇದ್ರೆ ದಯವಿಟ್ಟು ಅದನ್ನ ಆಲ್ ಅಂತ ಮಾಡಿಡಿ, ಮೊದಲ ದಿನದಿಂದಲೇ.

ಈಗ ಆ ವಾರ್ನಿಂಗ್ ಆಫ್ ಮಾಡಿದ್ರೆ ಎಂತ ಆಗ್ತದೆ ಅಂತ ಕಣ್ಣಿಂದ ನೋಡಿದ್ದನ್ನ ಹೇಳ್ತೇನೆ. ಬೇರೆ ಒಂದು ಕಡೆ ಮಾಡಿಸಿದ ಪಂಪ್ ಕಂಟ್ರೋಲರಿನ ಕೋಡು ರಿಪೇರಿಗೆ ಅಂತ ನಮ್ಮ ಕೈಗೆ ಬಂತು. ನಮ್ಮ ಕಡೆ ಮಾರ್ಚ್ ಏಪ್ರಿಲಲ್ಲಿ ಬಾವಿ ತಳ ಕಾಣುವಾಗ ಅಡಿಕೆ ತೋಟಕ್ಕೆ ನೀರು ಬಿಡುವ ಮೋಟಾರು ನೀರಿಲ್ಲದೆ ತಿರುಗಿದ್ರೆ ಸೀಲು ಹೋಗ್ತದೆ, ಜಾಸ್ತಿ ಹೊತ್ತಾದ್ರೆ ವೈಂಡಿಂಗೇ ಸುಡ್ತದೆ. ನೀರಿಲ್ಲದಾಗ ಮೋಟಾರು ಎಳೆಯುವ ಕರೆಂಟು ಕಮ್ಮಿ ಆಗ್ತದೆ, ಅದನ್ನ ಅಳೆದು ಕಂಟ್ರೋಲರು ಮೋಟಾರನ್ನ ನಿಲ್ಲಿಸ್ಬೇಕು. ಎಷ್ಟಕ್ಕಿಂತ ಕಮ್ಮಿ ಆದ್ರೆ ನಿಲ್ಲಿಸ್ಬೇಕು ಅನ್ನೋದು ಒಂದೊಂದು ಮೋಟಾರಿಗೆ ಒಂದೊಂದು, ಹಾಗಾಗಿ ತೋಟದವರು ಮೆಸೇಜ್ ಕಳಿಸಿ ಮಿತಿ ಸೆಟ್ ಮಾಡುವ ಸೌಲಭ್ಯ ಇಟ್ಟಿದ್ರು. ಸೆಟ್ ಮಾಡಿದ್ರೆ ಓಕೆ ಅಂತ ಉತ್ತರವೂ ಬರ್ತಿತ್ತು. ಆದ್ರೂ ದೊಡ್ಡ ಮೋಟಾರು ಇದ್ದ ತೋಟಗಳಲ್ಲಿ ನೀರಿಲ್ಲದಾಗ ಅದು ನಿಲ್ಲೋದೇ ಇಲ್ಲ. ಕೋಡಿನ ಆ ಜಾಗ ಹೀಗಿತ್ತು, ಪೇಪರಿಗೆ ಅಂತ ಕನ್ನಡ ಅಕ್ಷರದಲ್ಲಿ ಬರೀತಿದ್ದೇನೆ, ಕಂಪ್ಯೂಟರಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ಬೇಕು:

ಇಂಟ್ ನೀರಿಲ್ಲ(ಇಂಟ್ ಕರೆಂಟ್, ಇಂಟ್ ಮಿತಿ)
{
    ರಿಟರ್ನ್ ಕರೆಂಟ್ < 30;
}

30 ಅಂದ್ರೆ 3 ಆಂಪಿಯರ್, ಹತ್ತರಲ್ಲೊಂದು ಭಾಗದ ಲೆಕ್ಕ. ಟೆಸ್ಟ್ ಮಾಡುವಾಗ ಯಾರೋ 30 ಅಂತ ಹಾಕಿದ್ದು ಹಾಗೇ ಉಳಿದಿತ್ತು, ಮಿತಿ ಅನ್ನುವ ಪ್ಯಾರಾಮೀಟರ್ ಒಳಗೆ ಬರ್ತದೆ, ಯಾರೂ ನೋಡೋದಿಲ್ಲ. ದೊಡ್ಡ ಮೋಟಾರು ನೀರಿಲ್ಲದೆ ತಿರುಗುವಾಗ್ಲೂ 3 ಆಂಪಿಯರಿಗಿಂತ ಜಾಸ್ತಿಯೇ ಎಳೆಯೋದುಂಟು, ಹಾಗಾಗಿ ತೋಟದವರು ಏನೇ ಸೆಟ್ ಮಾಡಿದ್ರೂ ಕಂಟ್ರೋಲರಿಗೆ ನೀರಿಲ್ಲ ಅಂತ ಗೊತ್ತಾಗ್ಲೇ ಇಲ್ಲ. ಇದನ್ನ ಜಿಸಿಸಿ ಒಂದು ಸೆಕೆಂಡಲ್ಲಿ ಹಿಡೀತಿತ್ತು, ಮಿತಿ ಅನ್ನೋದು ಅನ್‌ಯೂಸ್ಡ್ ಅಂತ ಸಾಲು ನಂಬರ್ ಸಮೇತ ತೋರಿಸ್ತಿತ್ತು. ಆದ್ರೆ ಮೇಕ್‌ಫೈಲ್ (ಕಂಪೈಲ್ ಮಾಡುವ ಆಜ್ಞೆಗಳಿರುವ ಫೈಲು) ತೆರೆದು ನೋಡಿದ್ರೆ ಮೈನಸ್ ಡಬ್ಲ್ಯು ನೋ ಅನ್‌ಯೂಸ್ಡ್ ಪ್ಯಾರಾಮೀಟರ್ ಅಂತ ಇಡೀ ಪ್ರಾಜೆಕ್ಟಿಗೇ ಹಾಕಿಟ್ಟಿದ್ರು. ಅದನ್ನ ತೆಗ್ದು ಕಂಪೈಲ್ ಮಾಡಿದ ಕೂಡ್ಲೇ ವಾರ್ನಿಂಗ್ ಬಂತು. ನಿಮ್ಮ ಲೇಖನ ಮಕ್ಕಳಿಗೆ ಹೇಳಿಕೊಟ್ಟದ್ದು ಇದೇ ಆಪ್ಷನ್.

ಹಾಗಂತ ಬಳಸದ ಪ್ಯಾರಾಮೀಟರ್ ಎಲ್ಲವೂ ತಪ್ಪು ಅಂತ ನಾನು ಹೇಳೋದಿಲ್ಲ. ಬಹಳಷ್ಟು ಸಲ ಅದು ಇರ್ಲೇಬೇಕು. ನಮ್ಮ ಫಂಕ್ಷನನ್ನ ನಾವು ಕರೆಯದೆ ಬೇರೆ ಯಾರೋ ಕರೆಯುವ ಸಂದರ್ಭ, ಕಾಲ್‌ಬ್ಯಾಕ್ ಅಂತಾರಲ್ಲ, ಅಲ್ಲಿ ಎಷ್ಟು, ಯಾವ ಪ್ಯಾರಾಮೀಟರ್ ಇರ್ಬೇಕು ಅಂತ ನಿರ್ಧಾರ ಮಾಡುವವರು ಅವ್ರು. ಸಿಗ್ನಲ್ ಹ್ಯಾಂಡ್ಲರಿಗೆ ಸಿಗ್ನಲ್ ನಂಬರ್ ಬಂದೇ ಬರ್ತದೆ, ಪಿಥ್ರೆಡ್ ಕ್ರಿಯೇಟ್ (ಒಟ್ಟಿಗೆ ಓಡುವ ಇನ್ನೊಂದು ಕೆಲಸ ಶುರು) ಮಾಡುವಾಗ ಕೊಡುವ ಫಂಕ್ಷನಿಗೆ ಒಂದು ವಾಯ್ಡ್ ಪಾಯಿಂಟರ್ ಬಂದೇ ಬರ್ತದೆ, ಇಎಸ್‌ಪಿ32 ಚಿಪ್ಪಲ್ಲಿ ಮಕ್ಕಳು ಉಪಯೋಗಿಸುವ, ಸಣ್ಣ ಚಿಪ್ಪುಗಳ ಆಪರೇಟಿಂಗ್ ಸಿಸ್ಟಮ್ ಆದ ಫ್ರೀ ಆರ್‌ಟಿಓಎಸ್ಸಲ್ಲಿ ಟೈಮರ್ ಮುಗಿದಾಗ ಓಡುವ ಫಂಕ್ಷನಿಗೆ ಟೈಮರಿನ ಹ್ಯಾಂಡಲ್ (ಯಾವ ಟೈಮರ್ ಅಂತ ತೋರಿಸುವ ಗುರುತು) ಬಂದೇ ಬರ್ತದೆ. ಮದುವೆ ಊಟಕ್ಕೆ ಕೂತವನಿಗೆ ಉಪ್ಪಿನಕಾಯಿ ಬೇಕೋ ಬೇಡ್ವೋ, ಬಾಳೆಎಲೆಯ ತುದಿಗೆ ಅದನ್ನ ಬಡಿಸಿಯೇ ಮುಂದೆ ಹೋಗ್ತಾರಲ್ಲ, ಹಾಗೆ. ನಮಗೆ ಬೇಡ ಅಂತಾದ್ರೂ ಜಾಗ ಬಿಟ್ಟಿರ್ಬೇಕು.

ಇಲ್ಲಿ ಕೆಲವರು ಇನ್ನೊಂದು ತಪ್ಪು ಮಾಡ್ತಾರೆ, ಬೇಡದ ಪ್ಯಾರಾಮೀಟರನ್ನೇ ಅಳಿಸಿ, ಫಂಕ್ಷನ್ ಪಾಯಿಂಟರನ್ನ (ಫಂಕ್ಷನ್ ಇರುವ ಜಾಗದ ವಿಳಾಸ) ಕಾಸ್ಟ್ ಮಾಡಿ, ಅಂದ್ರೆ ಅದು ಬೇರೆ ಟೈಪ್ ಅಂತ ಒತ್ತಾಯದಿಂದ ಹೇಳಿ, ಕೊಟ್ಟುಬಿಡ್ತಾರೆ. ಕಂಪೈಲ್ ಆಗ್ತದೆ, ಮಾಮೂಲಿ ಪಿಸಿಯಲ್ಲಿ ಓಡಿಯೂ ಓಡ್ತದೆ. ಆದ್ರೆ ಫಂಕ್ಷನಿನ ನಿಜವಾದ ಟೈಪಿಗೆ ಹೊಂದದ ಪಾಯಿಂಟರ್ ಮೂಲಕ ಅದನ್ನ ಕರೆಯೋದು ಸಿ ಸ್ಟ್ಯಾಂಡರ್ಡ್ (ಭಾಷೆಯ ಅಧಿಕೃತ ನಿಯಮ) ಪ್ರಕಾರ ಅನ್‌ಡಿಫೈನ್ಡ್ ಬಿಹೇವಿಯರ್, ಅಂದ್ರೆ ಎಂತ ಬೇಕಾದ್ರೂ ಆಗ್ಬಹುದು. ಇದು ಬರೀ ಪುಸ್ತಕದ ಮಾತು ಅಂತ ತಿಳ್ಕೊಳ್ಬೇಡಿ, ಅದೇ ಕೋಡನ್ನ ಬ್ರೌಸರಲ್ಲಿ ಓಡಿಸ್ಲಿಕ್ಕೆ ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡಿದ್ರೆ, ಅಲ್ಲಿ ಪಾಯಿಂಟರ್ ಮೂಲಕ ಕರೆಯುವಾಗ ಪ್ಯಾರಾಮೀಟರ್ ಲೆಕ್ಕ, ಟೈಪು ಎಲ್ಲ ತಾಳೆ ನೋಡ್ತದೆ, ತಾಳೆ ಆಗದಿದ್ರೆ ಪ್ರೋಗ್ರಾಮ್ ಅಲ್ಲೇ ನಿಲ್ತದೆ. ಹಾಗಾಗಿ ಪ್ಯಾರಾಮೀಟರ್ ಇರ್ಲಿ, ಅಳಿಸೋದು ಬೇಡ.

ಮತ್ತೆ ಮಾಡ್ಬೇಕಾದ್ದೆಂತ? ಫಂಕ್ಷನ್ ಒಳಗೆ ಒಂದು ಸಾಲು:

(ವಾಯ್ಡ್)ಟೈಮರ್;

ಬ್ರ್ಯಾಕೆಟ್ ಒಳಗೆ ವಾಯ್ಡ್, ಪಕ್ಕದಲ್ಲಿ ಪ್ಯಾರಾಮೀಟರಿನ ಹೆಸರು, ಸೆಮಿಕೋಲನ್. ಇದರ ಬೆಲೆ ನಂಗೆ ಗೊತ್ತುಂಟು, ಬೇಕಂತಲೇ ಬಿಸಾಡ್ತಾ ಇದ್ದೇನೆ ಅಂತ ಇದರ ತಾತ್ಪರ್ಯ. ಸ್ಟ್ಯಾಂಡರ್ಡಲ್ಲಿ, ಹೀಗೆ ಬರೆದ್ರೆ ವಾರ್ನಿಂಗ್ ಕೊಡ್ಬಾರ್ದು ಅಂತೇನೂ ಬರ್ದಿಲ್ಲ, ಯಾಕಂದ್ರೆ ಬಳಸದ ಪ್ಯಾರಾಮೀಟರಿಗೆ ವಾರ್ನಿಂಗ್ ಕೊಡ್ಬೇಕು ಅಂತಲೂ ಅದ್ರಲ್ಲಿ ಇಲ್ಲ, ಅದೆಲ್ಲ ಕಂಪೈಲರಿನವರಿಗೆ ಬಿಟ್ಟದ್ದು. ಆದ್ರೆ ಜಿಸಿಸಿ, ಅದ್ರ ಹಾಗಿನ ಇನ್ನೊಂದು ಕಂಪೈಲರ್ ಕ್ಲ್ಯಾಂಗ್, ಮೈಕ್ರೋಸಾಫ್ಟ್ ಎಲ್ಲರೂ ಈ ಸಾಲನ್ನ ನೋಡಿದ್ರೆ ಸುಮ್ಮನಾಗ್ತಾರೆ. ಇದು 1989ರ ಆನ್ಸಿ ಸಿಯಿಂದ ಇವತ್ತಿನ ಸಿ23ರವರೆಗೆ ಎಲ್ಲದ್ರಲ್ಲೂ ಸರಿಯಾದ ಸಿ, ಹಾಗಾಗಿ ವಾರ್ನಿಂಗ್ ವಿಷಯ ಏನೇ ಆದ್ರೂ ಸರಿಯಾದ ಜಾಗದಲ್ಲಿ ಬರೆದ್ರೆ ಎಲ್ಲಿಯೂ ಎರರ್ ಅಂತೂ ಆಗೋದಿಲ್ಲ. ಫ್ರೀ ಆರ್‌ಟಿಓಎಸ್ಸಿನ ಡೆಮೋ ಕೋಡುಗಳನ್ನ ತೆರೆದು ನೋಡಿ, ಟಾಸ್ಕ್ ಫಂಕ್ಷನುಗಳ ಆರಂಭದಲ್ಲಿ ಇದೇ ಸಾಲು ಇರ್ತದೆ, ಪಕ್ಕದಲ್ಲಿ ಯಾಕೆ ಅಂತ ಕಾಮೆಂಟ್ ಸಮೇತ. ಕ್ಯೂಟಿ ಅನ್ನುವ ಸಿ ಪ್ಲಸ್ ಪ್ಲಸ್ ಲೈಬ್ರರಿಯಲ್ಲಿ ಕ್ಯೂ ಅನ್‌ಯೂಸ್ಡ್ ಅಂತ ಒಂದು ಮ್ಯಾಕ್ರೋ (ಕೋಡಿನ ಒಂದು ತುಂಡಿಗೆ ಇಟ್ಟ ಚಿಕ್ಕ ಹೆಸರು) ಉಂಟು, ಅದ್ರ ಒಳಗೂ ಇದೇ.

ಜಾಗದ ವಿಷಯ ಒಂದು ನೆನಪಿಡ್ಬೇಕು, ವಿಶೇಷವಾಗಿ ಟರ್ಬೋ ಸಿಯಲ್ಲಿ ಲ್ಯಾಬ್ ಮಾಡುವ ಮಕ್ಕಳು. ಹಳೇ ಸಿಯಲ್ಲಿ ಬ್ಲಾಕಿನ (ಸುರುಳಿ ಬ್ರ್ಯಾಕೆಟ್ ಒಳಗಿನ ಭಾಗ) ಆರಂಭದಲ್ಲೇ ಎಲ್ಲ ಡಿಕ್ಲರೇಶನ್ (ವೇರಿಯೇಬಲ್ ಹೆಸರಿಸುವ ಸಾಲು) ಮುಗೀಬೇಕು, ಆಮೇಲೇ ಸ್ಟೇಟ್‌ಮೆಂಟು. ಈ ವಾಯ್ಡ್ ಸಾಲು ಒಂದು ಸ್ಟೇಟ್‌ಮೆಂಟ್, ಹಾಗಾಗಿ ಅದನ್ನ ಮೊದಲ ಸಾಲಿಗೇ ಹಾಕಿ ಅದ್ರ ಕೆಳಗೆ ಇಂಟ್ ಐ ಅಂತ ಬರೆದ್ರೆ ಎರರ್. ಸಿ99 ಬಂದ ಮೇಲೆ ಈ ನಿಯಮ ಇಲ್ಲ. ಎರಡೂ ಕಡೆ ನಡೀಬೇಕಾದ್ರೆ ಡಿಕ್ಲರೇಶನ್ ಎಲ್ಲ ಮುಗಿಸಿ ಕೆಳಗೆ ಬರೀರಿ, ಅಷ್ಟೇ.

ಬೇರೆ ದಾರಿಗಳೂ ಉಂಟು, ಮಕ್ಕಳು ಅಲ್ಲಿ ಇಲ್ಲಿ ನೋಡಿ ಕಾಪಿ ಮಾಡ್ತಾರೆ, ಆದ್ರೆ ಎಲ್ಲಿ ಕೈ ಕೊಡ್ತದೆ ಅಂತ ಗೊತ್ತಿರೋದಿಲ್ಲ. ಟೈಮರ್ = ಟೈಮರ್ ಅಂತ ಅದಕ್ಕೇ ಅದನ್ನ ಅಸೈನ್ ಮಾಡೋದು ಒಂದು, ಪ್ಯಾರಾಮೀಟರ್ ಕಾನ್ಸ್ಟ್ (ಬದಲಾಯಿಸ್ಬಾರ್ದು ಅಂತ ಗುರುತಿಟ್ಟದ್ದು) ಆಗಿದ್ರೆ ಅದು ಎರರ್, ಇಲ್ಲದಿದ್ರೂ ಕ್ಲ್ಯಾಂಗ್ ಅದಕ್ಕೇ ಬೇರೆ ವಾರ್ನಿಂಗ್ ಕೊಡ್ತದೆ. ಬರೀ ಹೆಸರು ಬರ್ದು ಸೆಮಿಕೋಲನ್ ಹಾಕಿದ್ರೆ, ಈ ಸಾಲಿಂದ ಏನೂ ಆಗೋದಿಲ್ಲ ಅಂತ ಜಿಸಿಸಿಯ ಇನ್ನೊಂದು ವಾರ್ನಿಂಗ್. ಆಟ್ರಿಬ್ಯೂಟ್ ಅನ್‌ಯೂಸ್ಡ್ ಅಂತ ಎರಡೆರಡು ಅಂಡರ್‌ಸ್ಕೋರ್ ಹಾಕಿ ಬರೆಯೋದು ಜಿಸಿಸಿ ಮತ್ತು ಕ್ಲ್ಯಾಂಗಲ್ಲಿ ಚಂದ ನಡೀತದೆ, ಮೈಕ್ರೋಸಾಫ್ಟ್ ಕಂಪೈಲರಿಗೆ ಕೊಟ್ರೆ ಸಿಂಟ್ಯಾಕ್ಸ್ ಎರರ್. ಬೋರ್ಲ್ಯಾಂಡಿನವರು ಪ್ರಾಗ್ಮಾ ಆರ್ಗ್ಸ್‌ಯೂಸ್ಡ್ ಅಂತ ಅವರದ್ದೇ ಒಂದು ಇಟ್ಕೊಂಡಿದ್ರು, ಅದಕ್ಕಿಂತ ಹಿಂದೆ ಬೆಲ್ ಲ್ಯಾಬ್ಸಿನಲ್ಲಿ 1978ರಲ್ಲಿ ಸ್ಟೀಫನ್ ಜಾನ್ಸನ್ ಬರ್ದ ಲಿಂಟ್ ಅನ್ನುವ ತಪ್ಪು ಹುಡುಕುವ ಪ್ರೋಗ್ರಾಮಿಗೆ ಕಾಮೆಂಟ್ ಒಳಗೆ ಆರ್ಗ್ಸ್‌ಯೂಸ್ಡ್ ಅಂತ ಬರೀತಿದ್ರು. ಅಂದ್ರೆ ಈ ತಾಪತ್ರಯ ಹೊಸದಲ್ಲ, ಸಿ ಭಾಷೆಯಷ್ಟೇ ಹಳೇದು.

ಹೆಸರೇ ಬರೆಯದೆ ಟೈಪ್ ಮಾತ್ರ ಬರ್ದು ಬಿಡೋದು ಸಿ ಪ್ಲಸ್ ಪ್ಲಸ್ಸಿನ ಪದ್ಧತಿ. ಇದ್ರಲ್ಲಿ ನಮ್ಮ ಆರ್ಡುಯಿನೋ ಮಕ್ಕಳು ಸರಿಯಾಗಿ ಸಿಕ್ಕಿಬೀಳ್ತಾರೆ. ಆರ್ಡುಯಿನೋ ಸ್ಕೆಚ್ ನೋಡ್ಲಿಕ್ಕೆ ಸಿ ಹಾಗೆ ಕಂಡ್ರೂ ಕಂಪೈಲ್ ಆಗೋದು ಸಿ ಪ್ಲಸ್ ಪ್ಲಸ್ ಆಗಿ, ಅಲ್ಲಿ ಹೆಸರು ಬಿಟ್ರೆ ನಡೀತದೆ, ಅದೇ ಫಂಕ್ಷನನ್ನ ಡಾಟ್ ಸಿ ಫೈಲಿಗೆ ಹಾಕಿದ ಕೂಡ್ಲೇ ಪ್ಯಾರಾಮೀಟರ್ ನೇಮ್ ಓಮಿಟೆಡ್ ಅಂತ ಎರರ್, ಯಾಕಂದ್ರೆ ಆರ್ಡುಯಿನೋ ಊನೋದಂಥ ಎವಿಆರ್ ಬೋರ್ಡುಗಳ ಜೊತೆ ಬರುವ ಜಿಸಿಸಿ 7ರ ಕಾಲದ್ದು. ಫಂಕ್ಷನ್ ಬರೆಯುವಲ್ಲಿ ಹೆಸರು ಬಿಡ್ಲಿಕ್ಕೆ ಸಿ ಭಾಷೆ ಒಪ್ಪಿದ್ದು ಸಿ23ರಲ್ಲಿ, ಆ ಸ್ಟ್ಯಾಂಡರ್ಡ್ ಅಧಿಕೃತವಾಗಿ ಪ್ರಕಟ ಆದದ್ದು 2024ರಲ್ಲಿ. ಜಿಸಿಸಿ 11ರಿಂದ ಮೇಲೆ ಒಪ್ತದೆ. ಸಿ23ರಲ್ಲೇ ಮೇಬಿ ಅನ್‌ಯೂಸ್ಡ್ ಅಂತ ಎರಡು ಚೌಕ ಬ್ರ್ಯಾಕೆಟ್ ಒಳಗೆ ಬರೆಯುವ ಆಟ್ರಿಬ್ಯೂಟ್ ಕೂಡ ಬಂದಿದೆ, ಸಿ ಪ್ಲಸ್ ಪ್ಲಸ್ಸಲ್ಲಿ ಅದು 2017ರಿಂದಲೇ ಉಂಟು. ಹೊಸ ಪ್ರಾಜೆಕ್ಟು, ಹೊಸ ಕಂಪೈಲರು ಮಾತ್ರ ಅಂತಾದ್ರೆ ಅದು ಒಳ್ಳೇದೇ, ನಾನು ಬೇಡ ಅನ್ನೋದಿಲ್ಲ. ಆದ್ರೆ ಚಿಪ್ ಕಂಪೆನಿಗಳು ಕೊಡುವ ಕಂಪೈಲರು ಎಷ್ಟು ವರ್ಷ ಹಿಂದೆ ಇರ್ತದೆ ಅಂತ ಈ ಕೆಲಸ ಮಾಡುವವರಿಗೆ ಗೊತ್ತು, ಇನ್ನೂ ತುಂಬ ವರ್ಷ ಆ ವಾಯ್ಡ್ ಸಾಲೇ ಗತಿ.

ಕಾಲೇಜಿನವರಿಗೆ ಸ್ವಲ್ಪ ಮುಂದಿನ ವಿಷಯ ಒಂದೆರಡು. ವಾಯ್ಡಿಗೆ ಕಾಸ್ಟ್ ಮಾಡುವಾಗ ಪ್ಯಾರಾಮೀಟರಿನ ಹೆಸರು ಮಾತ್ರ ಬರೀಬೇಕು, ಅದು ಪಾಯಿಂಟರ್ ಆಗಿದ್ರೆ ಎದುರು ಸ್ಟಾರ್ ಹಾಕ್ಬೇಡಿ. ವಾಲಟೈಲ್, ಅಂದ್ರೆ ಪ್ರತಿ ಸಲ ನಿಜವಾಗಿ ಓದ್ಲೇಬೇಕು ಅಂತ ಗುರುತಿಟ್ಟ ಜಾಗವನ್ನ ತೋರಿಸುವ ಪಾಯಿಂಟರಿಗೆ ಸ್ಟಾರ್ ಹಾಕಿದ್ರೆ ಅದು ತೋರಿಸುವ ಜಾಗವನ್ನ ನಿಜವಾಗಿ ಓದ್ತದೆ, ಅಲ್ಲಿ ಇರೋದು ಹಾರ್ಡ್‌ವೇರ್ ರಿಜಿಸ್ಟರ್ ಆಗಿದ್ರೆ ಓದಿದ ಮಾತ್ರಕ್ಕೆ ಫ್ಲ್ಯಾಗ್ ಕ್ಲಿಯರ್ ಆಗುವಂಥವು ಉಂಟು, ಸೀರಿಯಲ್ ಪೋರ್ಟಿನ ಡೇಟಾ ರಿಜಿಸ್ಟರ್ ಹಾಗೆ. ವಾರ್ನಿಂಗ್ ಹೋಗ್ಲಿ ಅಂತ ಬರ್ದ ಸಾಲಿಂದ ಬಂದ ಬೈಟು ಕಳೆದು ಹೋದ್ರೆ ಹುಡುಕ್ಲಿಕ್ಕೆ ಬಹಳ ಕಷ್ಟ ಆಗ್ತದೆ. ಇನ್ನು ಡೀಬಗ್ ಮಾಡುವಾಗ ಮಾತ್ರ ಬೇಕಾಗುವ ಪ್ಯಾರಾಮೀಟರು, ಇಫ್‌ಡೆಫ್ (ಬೇಕಿದ್ರೆ ಮಾತ್ರ ಕಂಪೈಲ್ ಆಗುವ ಭಾಗ) ಒಳಗೆ ಪ್ರಿಂಟ್ ಮಾಡ್ಲಿಕ್ಕೆ ಮಾತ್ರ ಉಪಯೋಗಿಸುವಂಥದ್ದು, ಅಲ್ಲಿಯೂ ಇದೇ ವಾಯ್ಡ್ ಸಾಲನ್ನ ಇಫ್‌ಡೆಫ್ ಹೊರಗೆ ಒಂದು ಸಲ ಬರೆದ್ರೆ ಎರಡೂ ಬಿಲ್ಡಿಗೆ ಸಾಕಾಗ್ತದೆ, ಬಳಸಿದ ಪ್ಯಾರಾಮೀಟರನ್ನ ವಾಯ್ಡ್ ಮಾಡಿದ್ರೂ ತಪ್ಪಿಲ್ಲ.

ಆದ್ರೆ ಇದೇ ಸೌಲಭ್ಯದಲ್ಲಿ ಒಂದು ತೊಂದರೆಯೂ ಉಂಟು. ಇವತ್ತು ಬೇಡ ಅಂತ ವಾಯ್ಡ್ ಮಾಡಿಟ್ಟ ಪ್ಯಾರಾಮೀಟರನ್ನ ಮುಂದಿನ ವರ್ಷ ಇನ್ಯಾರೋ ಕೆಳಗಿನ ಸಾಲಲ್ಲಿ ಉಪಯೋಗಿಸ್ತಾರೆ, ಮೇಲಿನ ವಾಯ್ಡ್ ಸಾಲು ಹಾಗೇ ಉಳೀತದೆ, ಓದುವವನಿಗೆ ಬಳಸ್ತಾರೋ ಇಲ್ವೋ ಗೊಂದಲ. ಅದಕ್ಕೆ ಜಿಸಿಸಿ ಬಳಸುವವರು ಒಂದು ಮ್ಯಾಕ್ರೋ ಮಾಡ್ತಾರೆ, ಪ್ಯಾರಾಮೀಟರಿನ ಹೆಸರಿಗೆ ಎದುರಿಂದ ಅನ್‌ಯೂಸ್ಡ್ ಅಂತ ಅಂಟಿಸಿ ಹೆಸರನ್ನೇ ಬದಲಾಯಿಸಿ, ಜೊತೆಗೆ ಮೇಲೆ ಹೇಳಿದ ಆಟ್ರಿಬ್ಯೂಟನ್ನೂ ಸೇರಿಸೋದು, ಆಗ ಯಾರಾದ್ರೂ ಹಳೇ ಹೆಸರಲ್ಲಿ ಅದನ್ನ ಉಪಯೋಗಿಸಿದ್ರೆ ಅಂಥ ವೇರಿಯೇಬಲ್ ಇಲ್ಲ ಅಂತ ಎರರ್ ಬರ್ತದೆ. ನಂಗೆ ಇದು ಇಷ್ಟ, ಆದ್ರೆ ಆಟ್ರಿಬ್ಯೂಟ್ ಭಾಗವನ್ನ ಬೇರೆ ಕಂಪೈಲರಿಗೆ ಖಾಲಿ ಬಿಡ್ಬೇಕಾಗ್ತದೆ, ಅಲ್ಲಿ ಮತ್ತೆ ವಾರ್ನಿಂಗ್ ಶುರು. ಮ್ಯಾಕ್ರೋ ಮಾಡೋದಾದ್ರೆ ಬರೀ ಅನ್‌ಯೂಸ್ಡ್ ಅಂತ ಹೆಸರಿಡ್ಬೇಡಿ, ಬೇರೆ ಲೈಬ್ರರಿಯ ಹೆಡರಲ್ಲಿ ಅದೇ ಹೆಸರು ಇರುವ ಸಾಧ್ಯತೆ ಜಾಸ್ತಿ, ನಿಮ್ಮ ಪ್ರಾಜೆಕ್ಟಿನ ಹೆಸರು ಎದುರು ಸೇರಿಸಿ. ಕಲಿಯುವ ಮಕ್ಕಳಿಗಾದ್ರೆ ಮ್ಯಾಕ್ರೋ ಯಾವುದೂ ಬೇಡ, ವಾಯ್ಡ್ ಸಾಲನ್ನ ನೇರ ಬರೀಲಿ, ಪಕ್ಕದಲ್ಲಿ ಯಾಕೆ ಬೇಡ ಅಂತ ಕಾಮೆಂಟ್ ಬರೀಲಿ. ಒಂದೇ ಟೈಮರ್ ಇರೋದು, ಹ್ಯಾಂಡಲ್ ಬೇಡ ಅಂತ ಬರೆದ್ರೆ ಸಾಕು, ಕನ್ನಡದಲ್ಲೇ ಬರೀಲಿ, ಕಾಮೆಂಟನ್ನ ಯುನಿಕೋಡಲ್ಲಿ ಬರೆದ್ರೆ ಇವತ್ತಿನ ಜಿಸಿಸಿಗೆ, ಕ್ಲ್ಯಾಂಗಿಗೆ ಯಾವ ತೊಂದರೆಯೂ ಇಲ್ಲ.

ಆ ಕಾಮೆಂಟ್ ಬರೆಯುವ ಹೊತ್ತಲ್ಲೇ ತಪ್ಪು ಸಿಗೋದು. ಮೇಲೆ ಹೇಳಿದ ಪಂಪಿನ ಕೋಡಲ್ಲಿ ಮಿತಿ ಅನ್ನುವ ಪ್ಯಾರಾಮೀಟರಿಗೆ ವಾರ್ನಿಂಗ್ ಬಂದು, ಬರೆದವರು ವಾಯ್ಡ್ ಮಿತಿ ಅಂತ ಟೈಪ್ ಮಾಡ್ಲಿಕ್ಕೆ ಕೂತಿದ್ರೆ, ಅಯ್ಯೋ ಮಿತಿ ಯಾಕೆ ಬೇಡ, ಅದಕ್ಕೇ ಅಲ್ವಾ ಈ ಫಂಕ್ಷನ್ ಇರೋದು ಅಂತ ಅವರಿಗೇ ಹೊಳೀತಿತ್ತು. ಆಪ್ಷನಲ್ಲಿ ಆಫ್ ಮಾಡಿದ್ರೆ ಯೋಚನೆ ಮಾಡ್ಲಿಕ್ಕೆ ಆ ಅವಕಾಶವೇ ಇಲ್ಲ, ಒಂದು ಫೈಲಿಗೆ ಅಂತ ಮಾಡಿದ್ದು ನೂರು ಫೈಲಿಗೆ ಅನ್ವಯ ಆಗ್ತದೆ, ಇನ್ನು ಬರೀದೇ ಇರುವ ಫೈಲಿಗೂ.

ಹಾಗಾಗಿ ಸಂಪಾದಕರಲ್ಲಿ ನನ್ನ ವಿನಂತಿ, ಮುಂದಿನ ಸಂಚಿಕೆಯ ವಿದ್ಯಾರ್ಥಿ ಪುಟದಲ್ಲಿ ಆ ಸಲಹೆಗೆ ಒಂದು ತಿದ್ದುಪಡಿ ಹಾಕಿ, ಲೇಖಕರೇ ಬರೆದ್ರೆ ಇನ್ನೂ ಒಳ್ಳೇದು, ಮಕ್ಕಳಿಗೆ ಅವರ ಮೇಲೆ ನಂಬಿಕೆ ಉಂಟು. ಮತ್ತೆ ಪತ್ರಿಕೆಯಲ್ಲಿ ಅಚ್ಚಾಗುವ ಕೋಡನ್ನ ಅಚ್ಚಿಗೆ ಮುಂಚೆ ಜಿಸಿಸಿ ಮತ್ತು ಕ್ಲ್ಯಾಂಗ್ ಎರಡರಲ್ಲೂ ಮೈನಸ್ ಡಬ್ಲ್ಯು ಆಲ್, ಡಬ್ಲ್ಯು ಎಕ್ಸ್‌ಟ್ರಾ ಹಾಕಿ ಒಮ್ಮೆ ಕಂಪೈಲ್ ಮಾಡಿ ನೋಡುವ ಪದ್ಧತಿ ಇಟ್ಕೊಳ್ಳಿ, ಎರಡೂ ಖರ್ಚಿಲ್ಲದೆ ಸಿಗುವಂಥವು. ಅದಕ್ಕೆ ಜನ ಬೇಕಿದ್ರೆ ನಾನು ಮಾಡಿ ಕೊಡ್ತೇನೆ, ಲೇಖನ ಕಳಿಸಿದ್ರೆ ಸಾಕು, ಸಂಭಾವನೆ ಯಾವುದೂ ಬೇಡ. ಕಾಲ್‌ಬ್ಯಾಕ್ ಅಂದ್ರೆ ಎಂತ, ಫಂಕ್ಷನ್ ಪಾಯಿಂಟರ್ ಹೇಗೆ ಬರೆಯೋದು ಅಂತ ಒಂದು ಪೂರ್ತಿ ಲೇಖನವೂ ಬರ್ಲಿ, ಬಳಸದ ಪ್ಯಾರಾಮೀಟರ್ ಯಾಕೆ ಇರ್ತದೆ ಅಂತ ಅದು ಗೊತ್ತಾಗದೆ ಅರ್ಥ ಆಗೋದಿಲ್ಲ, ನಮ್ಮ ಕಡೆ ಡಿಪ್ಲೊಮಾ ಮಕ್ಕಳು ಜಾಸ್ತಿ ಕೇಳೋದೂ ಅದನ್ನೇ.

ಇತಿ,
ಫರ್ಮ್‌ವೇರ್ ಕೆಲಸದ ಒಬ್ಬ ಓದುಗ
ಪೆರ್ಲ, ಕಾಸರಗೋಡು ಜಿಲ್ಲೆ